ಹಂಗಾರ ಬಿಸಲಾಗ ಯಾಕ ಕರಕೊಂಡು ಹೋದ್ರಿ?

ಶನಿವಾರದಿಂದ ಈ ಒಂದು ಮಾತು ನನ್ನ ಕಿವಿಯಲ್ಲೇ ಕೂತಿದೆ. ಕೇಳಿದವಳು ನಮ್ಮ ದೊಡ್ಡವ್ವ. ಉತ್ತರ ಕೊಡಬೇಕಾದವರು ನಾಲ್ಕು ಜನ ಅಲ್ಲೇ ಇದ್ದೆವು. ವೈನಿ ಚಹಾದ ನೆಪ ಹೇಳಿ ಒಳಗೆ ಹೋದರು. ದೊಡ್ಡವ್ವನ ಮಗ, ನಮ್ಮ ಅಣ್ಣ, ಟಿವಿ ದನಿ ಜಾಸ್ತಿ ಮಾಡಿದ. ನಾನು ಸುಮ್ನೆ ಮೊಬೈಲ್ ಒರೆಸುತ್ತಾ ಕೂತೆ.

2023ರ ವಿಧಾನಸಭೆ ಚುನಾವಣೆಯ ಮತದಾನದ ದಿನ, ಮೇ 10ರ ಬುಧವಾರದಿಂದ ಹೇಳುತ್ತೇನೆ.

ದೊಡ್ಡವ್ವನ ಮನೆ ಹುಬ್ಬಳ್ಳಿಯಲ್ಲಿ. ಉಣಕಲ್ ಕೆರೆಗೆ ನಡೆದು ಹೋಗಬಹುದು, ಅಷ್ಟು ದೂರ. ಕ್ಷೇತ್ರ ಹುಬ್ಬಳ್ಳಿ-ಧಾರವಾಡ ಸೆಂಟ್ರಲ್. ನಾನು ಧಾರವಾಡದವಳು, ನನ್ನ ಮತ ಪಶ್ಚಿಮ ಕ್ಷೇತ್ರದಲ್ಲಿ. 10ನೇ ತಾರೀಕು ಏಳೂವರೆಗೆಲ್ಲ ನನ್ನದು ಮುಗಿಸಿ ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ ಹತ್ತಿದೆ. ಅಣ್ಣ ಅವತ್ತು ಬೆಳಿಗ್ಗೆಯಿಂದ ಪಕ್ಷದ ಟೇಬಲ್ ಮುಂದೆ ಕೂತು ಬಂದವರಿಗೆ ಕ್ರಮಸಂಖ್ಯೆಯ ಚೀಟಿ ಹುಡುಕಿ ಕೊಡುತ್ತಿದ್ದ. ವೈನಿಗೆ ಮೊಣಕಾಲು ನೋವು. ದೊಡ್ಡವ್ವನನ್ನು ಬೂತಿಗೆ ಕರೆದೊಯ್ಯಲು ಯಾರಾದರೂ ಬೇಕಿತ್ತು.

ಅವಳಿಗೆ ಬೂತಿಗೆ ಹೋಗುವುದೇ ಬೇಡವಾಗಿತ್ತು. ಈ ಸಲ 80 ದಾಟಿದವರು ಮನೆಯಲ್ಲೇ ಮತ ಹಾಕಬಹುದು ಅಂತ ಮಾಡಿದ್ದರಲ್ವಾ? ಮೊದಲೇ 12ಡಿ ಫಾರ್ಮ್ ತುಂಬಿ ಕೊಟ್ಟರೆ ಸಿಬ್ಬಂದಿಯೇ ಮನೆಗೆ ಬರುತ್ತಿದ್ದರು. ಪಕ್ಕದ ಮನೆಯ ಅಜ್ಜಿಗೆ ಹಾಗೆ ಬಂದಿದ್ದರಂತೆ, ಪೊಲೀಸರು, ವಿಡಿಯೊ ಮಾಡುವ ಹುಡುಗ ಎಲ್ಲ ಸೇರಿ. ಓಣಿಗೆ ಓಣಿಯೇ ಬಾಗಿಲಿಗೆ ಬಂದು ನೋಡಿತ್ತು. ನಮ್ಮ ದೊಡ್ಡವ್ವನ ಕಾಗದದಲ್ಲಿ 79. ಶಾಲೆಗೆ ಹೆಸರು ಹಚ್ಚುವಾಗ ಯಾರೋ ಅಂದಾಜಿನ ಮೇಲೆ ಬರೆಸಿದ ವಯಸ್ಸು ಅದು. "ಆಕಿ ನನಕಿಂತ ಸಣ್ಣಾಕಿ. ನನ್ನ ಲಗ್ನದಾಗ ಲಂಗಾ ಹಾಕ್ಕೊಂಡು ಓಡ್ಯಾಡತಿದ್ಲು. ಆಕಿಗೆ ಮನಿಗೆ ಬರ್ತಾರ, ನಾ ಸಾಲಿಗೆ ಹೋಗಬೇಕು" ಅಂತ ಹದಿನೈದು ದಿನ ಗೊಣಗಿದ್ದಳು.

ಬೂತಿನಲ್ಲಿ ಹೆಂಗಸರ ಪಾಳಿ ಉದ್ದ ಇತ್ತು. ಅವಳನ್ನು ನೋಡಿ ಜನ ಮುಂದೆ ಬಿಟ್ಟರು. ಒಳಗಿದ್ದ ಅಧಿಕಾರಿ, "ಅಜ್ಜಿ, ಕಣ್ಣು ಕಾಣತಾವ? ಜೋಡಿ ಯಾರಾದ್ರೂ ಬರ್ತಾರೇನು?" ಅಂತ ಕೇಳಿದರು. ಒಂದು ಕಣ್ಣಿನ ಪೊರೆ ತೆಗೆಸಿದ್ದು ಹೋದ ವರ್ಷ, ಇನ್ನೊಂದು ಇನ್ನೂ ಮಂಜು ಮಂಜು. ಅದಕ್ಕೇನಂತೆ. "ನನ್ನ ವೋಟ ನಾನ ಹಾಕ್ತೀನ್ರಿ" ಅಂದಳು. ನಾನು ಬಾಗಿಲ ಹೊರಗೇ ನಿಂತೆ. ಸ್ವಲ್ಪ ಹೊತ್ತಿಗೆ ಆ ಉದ್ದನೆಯ ಬೀಪ್ ಕೇಳಿಸಿತು. ಶಾಯಿ ಹಚ್ಚಿದ ಬೆರಳನ್ನು ಸೀರೆಗೆ ತಾಗದಂತೆ ಮೇಲೆತ್ತಿಕೊಂಡು ಹೊರಗೆ ಬಂದಳು.

ವಾಪಸ್ ಬರುವಾಗ ಆಟೋದಲ್ಲಿ ಅವಳೇ ಶುರು ಮಾಡಿದಳು.

"ಹಾಕಿದೆ ನೋಡವಾ, ಶೆಟ್ಟರಗ."

ನಾನು ಕೇಳಬಾರದಿತ್ತು. ಗುಪ್ತ ಮತದಾನ ಅಂತ ಮಕ್ಕಳಿಗೆ ಹೇಳಿಕೊಡುವವಳು ನಾನೇ. ಆದರೂ ಬಾಯಿಗೆ ಬಂದುಬಿಟ್ಟಿತು. "ಯಾವುದಕ್ಕ ಒತ್ತಿದಿ?"

"ಹೂವಿಗೆ. ಮತ್ತ್ಯಾವುದಕ್ಕ ಒತ್ತಲಿ?"

ಆಟೋದವನು ಕನ್ನಡಿಯಲ್ಲಿ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಇಬ್ಬರೂ ರಸ್ತೆ ಕಡೆ ತಿರುಗಿದೆವು.

ಅವಳ ಲೆಕ್ಕ ತಪ್ಪು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಜಗದೀಶ ಶೆಟ್ಟರ್ ಮೊದಲು ಗೆದ್ದಿದ್ದು 1994ರಲ್ಲಿ. ಆಗ ಅದು ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರ, ಕಾಗದದ ಮೇಲೆ ಶಿಕ್ಕಾ ಹೊಡೆಯುವ ಕಾಲ. ಆವತ್ತು ಅವರ ಎದುರು ಸೋತವರು ಬಸವರಾಜ ಬೊಮ್ಮಾಯಿ ಅಂದರೆ ಈಗಿನ ಹುಡುಗರು ನಂಬುವುದಿಲ್ಲ. ಮುಂದೆ ಒಬ್ಬರಾದ ಮೇಲೆ ಒಬ್ಬರು ಒಂದೇ ಪಕ್ಷದಿಂದ ಮುಖ್ಯಮಂತ್ರಿ ಆದರು. 2004ಕ್ಕೆ ಶಿಕ್ಕಾ ಹೋಗಿ ಬಟನ್ ಬಂತು. 2008ಕ್ಕೆ ಕ್ಷೇತ್ರದ ಹೆಸರೇ ಬದಲಾಗಿ ಸೆಂಟ್ರಲ್ ಆಯಿತು. 2018ರವರೆಗೆ ಆರು ಚುನಾವಣೆ, ಆರೂ ಸಲ ಅದೇ ಮನುಷ್ಯ, ಅದೇ ಕಮಲ. ಮೂವತ್ತು ವರ್ಷ ಒಂದೇ ಬಾಗಿಲಲ್ಲಿ ನಿಂತವರನ್ನು ನೋಡಿದವಳಿಗೆ ಆ ಮನೆ ಬೇರೆ, ಆ ಮನುಷ್ಯ ಬೇರೆ ಅಂತ ಹೇಗೆ ಗೊತ್ತಾಗಬೇಕು?

ಈ ಸಲ ಬಿಜೆಪಿ ಟಿಕೆಟ್ ಸಿಗಲಿಲ್ಲ, ಏಪ್ರಿಲ್ 17ಕ್ಕೆ ಅವರು ಕಾಂಗ್ರೆಸ್ ಸೇರಿದರು. ಊರೆಲ್ಲ ಅದೇ ಮಾತು. ಮಿರ್ಚಿ-ಗಿರಮಿಟ್ ಅಂಗಡಿಯಲ್ಲಿ, ಚಿಗರಿ ಬಸ್ಸಿನಲ್ಲಿ, ಮದುವೆ ಪಂಕ್ತಿಯಲ್ಲಿ. ದೊಡ್ಡವ್ವನಿಗೆ ಕಿವಿ ಅರ್ಧ ಮಾತ್ರ ಕೇಳುತ್ತದೆ, ಟಿವಿಯಲ್ಲಿ ಸೀರಿಯಲ್ ಬಿಟ್ಟರೆ ಬೇರೆ ಹಾಕಗೊಡುವುದಿಲ್ಲ. ಮನೆ ಮುಂದೆ ಪ್ರಚಾರದ ಗಾಡಿ ಹೋದಾಗ ಮೈಕಿನಲ್ಲಿ ಶೆಟ್ಟರ್ ಹೆಸರು ಕೂಗಿದ್ದು ಮಾತ್ರ ಕೇಳಿಸಿದೆ. ಈ ಸಲವೂ ನಿಂತಿದ್ದಾರೆ, ಸರಿ. ಅಷ್ಟು ಸಾಕಾಯಿತು. ಮಷಿನ್ ಮೇಲೆ ಹೆಸರಿನ ಜೊತೆ ಫೋಟೊನೂ ಇರುತ್ತದೆ, ನಿಜ. ಆದರೆ ಅವಳ ಬೆರಳು ಹೂವು ಕಂಡ ಕೂಡಲೇ ಅಲ್ಲಿಗೆ ಹೋಗಿದೆ. ಆಮೇಲೆ ಪಕ್ಕದ ಪೆಟ್ಟಿಗೆಯಲ್ಲಿ ಚೀಟಿ ಏಳು ಸೆಕೆಂಡ್ ಕಾಣಿಸುತ್ತದಲ್ಲ, ಅದನ್ನೂ ನೋಡಿದ್ದಾಳೆ. "ಬೆಳಕಿನ್ಯಾಗ ಹೂವು ಕಾಣಿಸ್ತು. ಸರಿ ಬಿತ್ತು ಅಂತ ಬಂದೆ" ಅಂದಳು. ಮಷಿನ್ ಬಗ್ಗೆ ಜನ ಏನೇನೋ ಅನ್ನುತ್ತಾರೆ. ಅವತ್ತು ಆ ಮನೆಯ ವ್ಯವಹಾರದಲ್ಲಿ ಎಲ್ಲರಿಗಿಂತ ಪ್ರಾಮಾಣಿಕವಾಗಿ ನಡೆದುಕೊಂಡದ್ದು ಅದೇ.

ಮನೆಗೆ ಬಂದು ಅಣ್ಣನನ್ನು ಹಿತ್ತಲಿಗೆ ಕರೆದು ಕೇಳಿದೆ. "ದೊಡ್ಡವ್ವಗ ಶೆಟ್ಟರ್ ಕೈಗೆ ಹೋಗ್ಯಾರಂತ ಯಾರೂ ಹೇಳೇ ಇಲ್ಲೇನು?"

ಅವನು ನಕ್ಕ. "ಹೇಳಿದ್ರ ಮನಿಯೊಳಗಿಂದನ ಒಂದು ವೋಟ ಹೋಗತಿತ್ತು."

"ಇದು ಮೋಸ ಅಲ್ಲೇನಣ್ಣಾ?"

"ಸುಳ್ಳು ಹೇಳೀನೇನು? ಅಕಿ ಕೇಳಲಿಲ್ಲ, ನಾ ಹೇಳಲಿಲ್ಲ."

ಅಣ್ಣ ಕೆಟ್ಟವನಲ್ಲ. ಅವ್ವನ ಗುಳಿಗೆ ಡಬ್ಬಿ ವಾರಕ್ಕೊಮ್ಮೆ ತಾನೇ ತುಂಬಿಡುತ್ತಾನೆ, ಕಣ್ಣಿನ ಆಪರೇಷನ್ ಆದಾಗ ಎಂಟು ದಿನ ಅಂಗಡಿ ಮುಚ್ಚಿ ಪಕ್ಕದಲ್ಲಿ ಕೂತಿದ್ದ. ಆದರೆ ಚುನಾವಣೆ ಬಂತೆಂದರೆ ಅವನೊಳಗಿನ ಒಂದು ಲೆಕ್ಕದ ಮನುಷ್ಯ ಹೊರಗೆ ಬರುತ್ತಾನೆ. ಅವನಿಗೆ ಮನೆಯವರು ಕೂಡ ತಲೆ ಎಣಿಕೆ. ನನಗೆ ಅದು ಮೊದಲಿನಿಂದಲೂ ಹಿಡಿಸುವುದಿಲ್ಲ. ಅವನ ಮಗ ಇನ್ನೊಂದು ತರಹ. ಇಂಜಿನಿಯರಿಂಗ್ ಓದುತ್ತಾನೆ, ಎಲ್ಲ ಗೊತ್ತು, ಯಾರಿಗೂ ಏನೂ ಹೇಳುವುದಿಲ್ಲ, ಫೋನಿನಲ್ಲಿ ಮಾತ್ರ ಕ್ರಾಂತಿ.

ಇನ್ನು ನಾನು. ಹೋಗುವಾಗ ಆಟೋದಲ್ಲಿ ಇಪ್ಪತ್ತು ನಿಮಿಷ ದೊಡ್ಡವ್ವನ ಜೊತೆ ಒಬ್ಬಳೇ ಇದ್ದೆ. ಮಾವಿನಕಾಯಿ ಉಪ್ಪಿನಕಾಯಿಗೆ ಈ ಸಲ ಸಾಸಿವೆ ಎಷ್ಟು ಹಾಕಿದ್ದೀ ಅಂತ ಕೇಳಿದೆ. ಅದಕ್ಕೆ ಅವಳು ಕೊಟ್ಟ ಉತ್ತರ ಈಗಲೂ ನೆನಪಿದೆ. ಮನೆಯಲ್ಲಿ ಹೇಳಿರುತ್ತಾರೆ ಅಂದುಕೊಂಡಿದ್ದೆ. ಮತದಾನದ ದಿನ ಹಾಗೆಲ್ಲ ಹೇಳಿದರೆ ಪ್ರಚಾರ ಮಾಡಿದಂತಾಗುತ್ತದೆ ಅಂತಲೂ ಅನ್ನಿಸಿತ್ತು. ಎರಡೂ ಒಳ್ಳೆಯ ಕಾರಣಗಳೇ. ಎರಡನ್ನೂ ನಾನು ಹುಡುಕಿದ್ದು ಆಮೇಲೆ.

13ಕ್ಕೆ ಮತ್ತೆ ಅಲ್ಲಿಗೇ ಹೋದೆ. ಎಣಿಕೆ ಇದ್ದದ್ದು ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ. ಅದು ಬಿಟ್ಟು ಹುಬ್ಬಳ್ಳಿಗೆ ಹೋಗಿ ಟಿವಿ ನೋಡುವವಳು ನಾನೊಬ್ಬಳೇ ಇರಬೇಕು. ಎಂಟಕ್ಕೆ ಅಂಚೆ ಮತ, ಆಮೇಲೆ ಮಷಿನ್. ಸುತ್ತು ಸುತ್ತಿಗೂ ಸೆಂಟ್ರಲ್‌ನಲ್ಲಿ ಬಿಜೆಪಿಯ ಮಹೇಶ ಟೆಂಗಿನಕಾಯಿ ಮುಂದೆ ಹೋದರು. ರಾಜ್ಯದಲ್ಲಿ ನೋಡಿದರೆ ಉಲ್ಟಾ. ಕಾಂಗ್ರೆಸ್ 135ಕ್ಕೆ ಹೋಗಿ ನಿಂತಿತು, ಬಿಜೆಪಿ 66ಕ್ಕೆ ಇಳಿಯಿತು. ಅಣ್ಣನ ಮುಖ ನೋಡಬೇಕಿತ್ತು. ಮನೆಯ ಸೀಟು ಗೆದ್ದು ಸರ್ಕಾರ ಕಳೆದುಕೊಂಡವನು. ಒಂದು ಕಣ್ಣಲ್ಲಿ ಪಟಾಕಿ, ಇನ್ನೊಂದರಲ್ಲಿ ಮಳೆ. ರಾಜ್ಯಕ್ಕೆ ರಾಜ್ಯವೇ ಕೈ ಹಿಡಿದ ವರ್ಷದಲ್ಲಿ ಕೈ ಹಿಡಿದು ನಿಂತ ಶೆಟ್ಟರ್ ಸೋತರು. ಅದೂ 34,289 ಮತಗಳಿಂದ.

ದೊಡ್ಡವ್ವ ಊಟ ಮಾಡಿ ಬಂದು ಕೂತಳು. ಹೊರಗೆ ಪಟಾಕಿ ಸದ್ದು.

"ಯಾರು ಗೆದ್ರು?"

"ಹೂವು ಗೆದ್ದೈತಿ ಅಮ್ಮಾ" ಅಂದ ಹುಡುಗ.

"ಶೆಟ್ಟರ ಗೆದ್ರಲ್ಲ, ಚಲೋ ಆತು."

"ಇಲ್ಲ. ಶೆಟ್ಟರ ಸೋತಾರ."

ಅವಳು ಒಂದು ಸಲ ಟಿವಿ ನೋಡಿದಳು, ಒಂದು ಸಲ ಮೊಮ್ಮಗನನ್ನು. "ಹೂವು ಗೆದ್ದೈತಿ ಅಂತಿ, ಶೆಟ್ಟರ ಸೋತಾರ ಅಂತಿ. ಎರಡೂ ಹೆಂಗ?"

ಹುಡುಗನೇ ಹೇಳಿದ. ಮೂರು ವಾಕ್ಯದಲ್ಲಿ ಮುಗಿಸಿದ. ಈ ಮೂರು ವಾಕ್ಯ ನಾವು ದೊಡ್ಡವರು ಮೂರು ವಾರದಲ್ಲಿ ಹೇಳಿರಲಿಲ್ಲ.

ದೊಡ್ಡವ್ವ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ತನ್ನ ಬೆರಳನ್ನೇ ನೋಡುತ್ತಾ, "ಅಂದ್ರ ನಾನ ಸೋಲಿಸಿದ್ನೇನು?" ಅಂದಳು.

ಅಣ್ಣನಿಗೆ ಪಾಪ ಅನ್ನಿಸಿರಬೇಕು. ಹತ್ತಿರ ಹೋಗಿ ಹೆಗಲ ಮೇಲೆ ಕೈ ಇಟ್ಟು ಸಮಾಧಾನ ಮಾಡಿದ. "ಏನಿಲ್ಲ ಅವ್ವಾ, ಮೂವತ್ನಾಲ್ಕು ಸಾವಿರ ಫರಕ ಐತಿ. ನಿನ್ನ ಒಂದು ವೋಟಿನಿಂದ ಏನೂ ಆಗಂಗಿಲ್ಲ ಬಿಡು."

ಆಗ ಕೇಳಿದಳು. ಸಿಟ್ಟಿನಿಂದಲೂ ಅಲ್ಲ, ನಿಜವಾಗಿ ಗೊತ್ತಿಲ್ಲದವರು ಕೇಳುವ ಹಾಗೆ.

"ಹಂಗಾರ ಬಿಸಲಾಗ ಯಾಕ ಕರಕೊಂಡು ಹೋದ್ರಿ?"

ಇದಕ್ಕೆ ಏನು ಹೇಳುತ್ತೀರಿ? ಬೆಳಿಗ್ಗೆ ಒಂದು ವೋಟಿಗೋಸ್ಕರ ಹೆತ್ತ ತಾಯಿಯಿಂದ ಸುದ್ದಿ ಬಚ್ಚಿಡುವುದು, ಮೂರು ದಿನಕ್ಕೆ ಅದೇ ಒಂದು ವೋಟಿಗೆ ಬೆಲೆಯೇ ಇಲ್ಲ ಅನ್ನುವುದು. ಎರಡನ್ನೂ ಒಂದೇ ಬಾಯಿ ಹೇಳಿತು. ಅಣ್ಣನದು ಅಂತ ಬರೆಯುತ್ತಿದ್ದೇನೆ, ಆದರೆ ನಾವೆಲ್ಲರೂ ಆ ಮಾತನ್ನು ಒಂದಲ್ಲ ಒಂದು ಸಲ ಆಡಿದವರೇ. ಅವತ್ತೇ ರಾತ್ರಿ ಬೆಂಗಳೂರಿನ ಜಯನಗರದಲ್ಲಿ ಮರುಎಣಿಕೆಯ ಮೇಲೆ ಮರುಎಣಿಕೆ ನಡೆದು ಫಲಿತಾಂಶ 16 ಮತದ ಮೇಲೆ ನಿಂತಿತು. 2004ರಲ್ಲಿ ಸಂತೆಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಒಂದು ಮತದಿಂದ. ಅಲ್ಲಿಯೂ ಇಂಥ ಒಬ್ಬ ದೊಡ್ಡವ್ವ ಇದ್ದಿರಬಹುದು. ಹೂವೋ, ಕೈಯೋ, ತೆನೆ ಹೊತ್ತ ಮಹಿಳೆಯೋ, ಯಾವುದನ್ನೋ ಯಾರೋ ಅಂದುಕೊಂಡು ಒತ್ತಿದವಳು.

ಬಸ್ಸಿನಲ್ಲಿ ವಾಪಸ್ ಬರುವಾಗ ಇನ್ನೊಂದು ಯೋಚನೆ ಶುರುವಾಯಿತು. ನಾವು ಒತ್ತುವುದು ಮನುಷ್ಯನಿಗೋ ಚಿಹ್ನೆಗೋ? ಶೆಟ್ಟರ್ ಮೂವತ್ತು ವರ್ಷ ಈ ಊರಲ್ಲಿ ಓಡಾಡಿದವರು, ಯಾರ ಮೇಲೂ ದನಿ ಏರಿಸಿ ಮಾತಾಡಿದವರಲ್ಲ. ಜನ ಅವರನ್ನು ಬಿಟ್ಟು ಹೂವು ಹಿಡಿದರು. ಇತ್ತ ಧಾರವಾಡ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ವಿನಯ ಕುಲಕರ್ಣಿ ನ್ಯಾಯಾಲಯದ ಷರತ್ತಿನಿಂದಾಗಿ ಜಿಲ್ಲೆಯೊಳಗೆ ಕಾಲಿಡುವ ಹಾಗೇ ಇರಲಿಲ್ಲ. ಹೆಂಡತಿ ಶಿವಲೀಲಾ ಊರೂರು ತಿರುಗಿದರು. ವಿನಯ ಗೆದ್ದರು, 18 ಸಾವಿರ ಚಿಲ್ಲರೆ ಮತದಿಂದ. ಊರಲ್ಲೇ ಇದ್ದವರು ಸೋತರು, ಊರಿಗೆ ಬರಲಾಗದವರು ಗೆದ್ದರು. ಅದು ಬರೀ ಕೈ ಗುರುತಿಗೆ ಬಿದ್ದ ಮತ ಅಂದರೆ ಸೆಂಟ್ರಲ್‌ನಲ್ಲಿ ಕೈ ಯಾಕೆ ಸೋತಿತು? ಮನುಷ್ಯನಿಗೆ ಬಿದ್ದದ್ದು ಅಂದರೆ ಶೆಟ್ಟರ್ ಯಾಕೆ ಸೋತರು? ಶಿಗ್ಗಾವಿಯಲ್ಲಿ ಬೊಮ್ಮಾಯಿ ಗೆದ್ದರು, ಅವರ ಸರ್ಕಾರ ಬಿತ್ತು. ಟಿವಿಯವರ ಹತ್ತಿರ ಎಲ್ಲದಕ್ಕೂ ಕಾರಣ ಇತ್ತು. ಲಿಂಗಾಯತ ಲೆಕ್ಕ, ಗ್ಯಾರಂಟಿ ಕಾರ್ಡು, ಸಂಘಟನೆ. ಇರಬಹುದು. ಅವರ ಪಟ್ಟಿಯಲ್ಲಿ ದೊಡ್ಡವ್ವ ಎಲ್ಲಿಯೂ ಬರಲಿಲ್ಲ. 95,064 ಅಂತ ಟೆಂಗಿನಕಾಯಿ ಹೆಸರಿನ ಮುಂದೆ ಬಿದ್ದ ಅಂಕಿಯಲ್ಲಿ ಒಂದು ಶೆಟ್ಟರದು ಅಂತ ನನಗೆ ಮಾತ್ರ ಗೊತ್ತು. ಎಷ್ಟು ಮನೆಗಳಲ್ಲಿ ಇಂಥ ಒಂದೊಂದು ಇತ್ತೋ.

ದೊಡ್ಡವ್ವನನ್ನು ನೋಡಿ ನಗುವ ಹಕ್ಕೂ ನನಗಿಲ್ಲ. ಬುಧವಾರ ಬೆಳಿಗ್ಗೆ ನನ್ನ ಬೂತಿನಲ್ಲಿ ಮಷಿನ್ ಮುಂದೆ ನಾನು ನಿಂತದ್ದು ಎಷ್ಟು ಹೊತ್ತು? ಮೇಲಿಂದ ಕೆಳಗೆ ಎಷ್ಟು ಹೆಸರಿದ್ದವು ಅಂತ ಕೇಳಿದರೆ ಹೇಳಲಾರೆ. ನನ್ನ ಬೆರಳೂ ಒಂದು ಗುರುತು ಹುಡುಕಿಕೊಂಡು ಹೋಗಿತ್ತು, ಸಿಕ್ಕ ಕೂಡಲೇ ಒತ್ತಿ ಬಂದಿತ್ತು. ಎರಡು ಡಿಗ್ರಿ ಇಟ್ಟುಕೊಂಡು ಮಾಡಿದ ಕೆಲಸ ಅದು. ದೊಡ್ಡವ್ವ ಕೊನೇ ಪಕ್ಷ ಒಬ್ಬ ಮನುಷ್ಯನ ಹೆಸರು ಮನಸ್ಸಲ್ಲಿ ಇಟ್ಟುಕೊಂಡು ಹೋಗಿದ್ದಳು.

ಎರಡು ದಿನ ಅವಳು ಅಣ್ಣನ ಜೊತೆ ಮಾತು ಬಿಟ್ಟಿದ್ದಳಂತೆ. ವೈನಿ ಹೇಳಿದರು. ಗುಳಿಗೆ ಡಬ್ಬಿ ತುಂಬಲು ಬಂದರೆ ಅದನ್ನೂ ಸೊಸೆಯ ಕೈಗೆ ಕೊಟ್ಟಳಂತೆ. ಅಣ್ಣ ಲೈನ್ ಬಜಾರಿನಿಂದ ಪೇಡಾ ತರಿಸಿದ. ತಿಂದಳು, ಮಾತಾಡಲಿಲ್ಲ. ಸರ್ಕಾರ ಹೋದದ್ದಕ್ಕಿಂತ ಅವನಿಗೆ ಇದೇ ಜಾಸ್ತಿ ಚುಚ್ಚಿದ ಹಾಗಿದೆ. ಚುಚ್ಚಲಿ.

ನಿನ್ನೆ ನಾನು ಫೋನ್ ಮಾಡಿದೆ. ಕ್ಷಮೆ ಕೇಳಬೇಕು ಅಂತಲೇ ಮಾಡಿದ್ದು. ಅವಳು ಮಾತಿಗೆ ಅವಕಾಶವೇ ಕೊಡಲಿಲ್ಲ.

"ಮತ್ತ ವೋಟ ಯಾವಾಗವಾ?"

"ಮುಂದಿನ ವರ್ಷ, ದಿಲ್ಲೀದು."

"ಅಷ್ಟೊತ್ತಿಗೆ ನನಗ ಕಾಗದದಾಗ 80 ಆಗಿರತಾವಲ್ಲ?"

"ಆಗಿರತಾವ."

"ಹಂಗಾರ ಮನಿಗೇ ಬರ್ತಾರ. ಬರ್ಲಿ. ಬಂದವರನ್ನ ಮೊದಲ ಕುಂದ್ರಿಸಿ ಚಾ ಕೊಟ್ಟು ಕೇಳ್ತೀನಿ, ಶೆಟ್ಟರ ಈಗ ಎದರಾಗ ಅದಾರ ಅಂತ. ನಿಮ್ಮನ್ನ ಕೇಳಂಗಿಲ್ಲ."