ಇಂಗ್ಲೆಂಡಿನ ಗುಲಾಬಿ ಚೀಟಿ ಹುಬ್ಬಳ್ಳಿಯಲ್ಲಿ ನಡೆಯೂದಿಲ್ಲ

ಇಂಗ್ಲೆಂಡಿನಲ್ಲಿ ಇರುವವರಿಗೆ ಊರಿಂದ ಬರುವ ಮೆಸೇಜು ಬಹಳ ಸಲ ಒಂದೇ ನಮೂನೆ: "ಕಾಕಾಗ ಬ್ಯಾನಿ ಭಾಳ ಆಗೇತಿ. ನಿಮ್ಮಲ್ಲೆ ಗಾಂಜಾ ಎಣ್ಣಿ ಮೆಡಿಕಲ್ ಅಂಗಡ್ಯಾಗ ಸಿಗತೈತಂತ. ಬರೂಮುಂದ ಒಂದ್ ಬಾಟ್ಲಿ ತಗೊಂಡ್ ಬಾ." ಸಿಗತೈತಿ ಅನ್ನುವುದು ಅರ್ಧ ಸತ್ಯ. ತಗೊಂಡು ಬರುವುದು ಮಾತ್ರ ಪೂರ್ತಿ ಅಪರಾಧ.

ಬ್ರಿಟನ್ನಿನಲ್ಲಿ 2018ರ ನವೆಂಬರ್ 1ರಿಂದ ಗಾಂಜಾ ಮೂಲದ ಔಷಧ ಬರೆಯಲು ಅನುಮತಿ ಇದೆ. ಆದರೆ ಶುರು ಮಾಡಬೇಕಾದವರು ಜನರಲ್ ಮೆಡಿಕಲ್ ಕೌನ್ಸಿಲ್‌ನ ತಜ್ಞರ ಪಟ್ಟಿಯಲ್ಲಿ ಇರುವ ವೈದ್ಯರೇ. ಓಣಿಯ ಕುಟುಂಬ ವೈದ್ಯ, ಅಂದರೆ ಜಿಪಿ, ತಾನಾಗಿ ಬರೆದುಕೊಡುವಂತಿಲ್ಲ. ಸರ್ಕಾರಿ ಎನ್‌ಎಚ್‌ಎಸ್‌ ಕೊಡುವುದು ಕೆಲವೇ ಬೇನೆಗಳಿಗೆ: ಮಕ್ಕಳ ಕೆಲವು ಹಟಮಾರಿ ಫಿಟ್ಸ್‌ಗೆ ಎಪಿಡಯೊಲೆಕ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಸ್ನಾಯು ಬಿಗಿತಕ್ಕೆ ಸೇಟಿವೆಕ್ಸ್ ಸ್ಪ್ರೇ, ಕಿಮೊ ವಾಂತಿಗೆ ನಬಿಲೋನ್. ದೀರ್ಘಕಾಲದ ನೋವಿಗೆ ಟಿಎಚ್‌ಸಿ (ಗಾಂಜಾದ ಅಮಲು ತರುವ ಅಂಶ) ಇರುವ ಔಷಧ ಬೇಡ ಎಂದು ಚಿಕಿತ್ಸೆಗಳ ಬಗ್ಗೆ ಸಲಹೆ ಕೊಡುವ ನೈಸ್ ಸಂಸ್ಥೆಯ 2019ರ ಮಾರ್ಗಸೂಚಿ ಹೇಳಿತು. ಹಾಗಾಗಿ ಸೊಂಟ, ನರದ ನೋವಿನವರು ಸ್ವಂತ ರೊಕ್ಕ ಕೊಟ್ಟು ಖಾಸಗಿ ಕ್ಲಿನಿಕ್‌ಗೆ ಹೋಗುತ್ತಾರೆ.

ಕ್ಲಿನಿಕ್ ಮೊದಲು ಕೇಳುವುದು ಜಿಪಿ ಬಳಿಯ ದಾಖಲೆ. ರೋಗ ಯಾವುದು ಎಂದು ಖಚಿತವಾಗಿರಬೇಕು, ಸಾಮಾನ್ಯವಾಗಿ ಎರಡು ಪರವಾನಗಿ ಪಡೆದ ಚಿಕಿತ್ಸೆಗಳಾದರೂ ಫಲ ಕೊಡದೆ ಹೋಗಿರಬೇಕು. ಸ್ಕಿಜೋಫ್ರೇನಿಯಾದ ಇತಿಹಾಸ, ಗರ್ಭ, ಹತೋಟಿಯಲ್ಲಿಲ್ಲದ ಹೃದ್ರೋಗ ಇದ್ದರೆ ಸಾಮಾನ್ಯವಾಗಿ ಅಲ್ಲಿಗೇ ನಿಂತಿತು. ಒಪ್ಪಿಗೆಯಾದರೆ ನಿಯಂತ್ರಿತ ಔಷಧದ ಗುಲಾಬಿ ಬಣ್ಣದ ಚೀಟಿ. ಅದರ ಆಯುಷ್ಯ 28 ದಿನ, ಔಷಧ ಬರೆಯುವುದು ಹೆಚ್ಚೆಂದರೆ 30 ದಿನಕ್ಕೆ. ತೊಡಕು ಬರುವುದು ಇಲ್ಲೇ. ಬರೆದ ತಳಿಯ ಗಾಂಜಾ ಹೂವು ಫಾರ್ಮಸಿಯಲ್ಲಿ ಖಾಲಿಯಾಗಿದ್ದರೆ ಅಂಗಡಿಯವರು ಬೇರೆಯದನ್ನು ತಾವಾಗಿ ಕೊಡುವಂತಿಲ್ಲ, ಹೊಸ ಚೀಟಿಯೇ ಆಗಬೇಕು. ಆ ಓಡಾಟದಲ್ಲಿ ವಾರ ಕಳೆದು ಔಷಧ ತಪ್ಪುತ್ತದೆ. ಆದ್ದರಿಂದ ಅನುಭವಸ್ಥರು ಸ್ಟಾಕ್ ಕೇಳಿಕೊಂಡೇ ಚೀಟಿ ಬರೆಸುತ್ತಾರೆ.

ಚೀಟಿ ಇದ್ದರೂ ಹೂವನ್ನು ಬೀಡಿಯಂತೆ ಸೇದುವುದು ಕಾನೂನುಬಾಹಿರ. ವೇಪೊರೈಸರಿನಲ್ಲಿ ಸುಮಾರು 180ರಿಂದ 210 ಡಿಗ್ರಿಗೆ ಕಾಯಿಸಿ ಆವಿ ಎಳೆಯಬೇಕು. ಎಣ್ಣೆಯಾದರೆ 1 ಮಿಲಿ ಸಿರಿಂಜಿನಲ್ಲಿ ಅಳೆದು ಹಾಕಿಕೊಳ್ಳುವುದು. ಪ್ರತಿ ಮಿಲಿಗೆ 10 ಮಿಗ್ರಾಂ ಟಿಎಚ್‌ಸಿ ಇರುವ ಎಣ್ಣೆಯಾದರೆ 0.1 ಮಿಲಿ ಎಂದರೆ 1 ಮಿಗ್ರಾಂ. ರಾತ್ರಿ 1ರಿಂದ 2.5 ಮಿಗ್ರಾಂಗೆ ಶುರು ಮಾಡಿಸಿ, ಎರಡು-ಮೂರು ದಿನಕ್ಕೊಮ್ಮೆ ಇಷ್ಟಿಷ್ಟೇ ಏರಿಸುತ್ತಾರೆ. ನುಂಗಿದ ಎಣ್ಣೆ ಹತ್ತಲು ಒಂದೆರಡು ತಾಸು ಬೇಕು. ಅರ್ಧ ತಾಸಿಗೆ "ಏನೂ ಆಗಲಿಲ್ಲ" ಎಂದು ಇನ್ನೊಂದು ಸಲ ಹಾಕಿಕೊಂಡವರಿಗೆ ಎರಡೂ ಡೋಸು ಕೂಡಿಯೇ ಏರುತ್ತವೆ: ಎದೆ ಬಡಿತ, ಗಾಬರಿ, ತಲೆಸುತ್ತು. ಸಿಬಿಡಿ (ಗಾಂಜಾದ ಅಮಲು ತರದ ಅಂಶ) ನಿರುಪದ್ರವಿ ಅನ್ನುವುದೂ ಪೂರ್ತಿ ನಿಜವಲ್ಲ. ಫಿಟ್ಸ್ ಗುಳಿಗೆ ಕ್ಲೊಬಜಾಮ್ ಜೊತೆ ವಿಪರೀತ ಮಂಪರು, ಇನ್ನೊಂದು ಫಿಟ್ಸ್ ಗುಳಿಗೆ ವಾಲ್ಪ್ರೊಯೇಟ್ ಜೊತೆ ಯಕೃತ್ತಿನ ಕಿಣ್ವದ ಏರಿಕೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಜೊತೆ ರಕ್ತಸ್ರಾವದ ಅಪಾಯ. ಮೂರೂ ನಮ್ಮ ಕಡೆ ದಿನಾ ನುಂಗುವ ಗುಳಿಗೆಗಳೇ.

ಈಗ ಬಾಟಲಿಯ ಮಾತು. ಭಾರತದ ಮಾದಕ ವಸ್ತು ತಡೆಯ 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಗಿಡದ ಹೂ-ಕಾಯಿಯ ತುದಿ ಗಾಂಜಾ. ಗಿಡದ ಅಂಟು ಮತ್ತು ಅದರ ಹಶೀಶ್ ಎಣ್ಣೆ ಚರಸ್ ಲೆಕ್ಕಕ್ಕೆ. ಪರವಾನಗಿಯಿಲ್ಲದೆ ದೇಶದೊಳಗೆ ತರುವುದೇ 23ನೇ ಕಲಮಿನ ಅಪರಾಧ, ವಿದೇಶದ ಚೀಟಿ ಪರವಾನಗಿ ಆಗುವುದಿಲ್ಲ. ಗಾಂಜಾಕ್ಕೆ 1 ಕೆಜಿ, ಚರಸ್‌ಗೆ 100 ಗ್ರಾಂ "ಸಣ್ಣ ಪ್ರಮಾಣ". ಅದಕ್ಕೆ ಒಂದು ವರ್ಷದವರೆಗೆ ಕಠಿಣ ಜೈಲು, ಇಲ್ಲವೆ ಹತ್ತು ಸಾವಿರದವರೆಗೆ ದಂಡ, ಇಲ್ಲವೆ ಎರಡೂ. ಇದನ್ನೇ "ಒಂದು ಕೆಜಿ ಒಳಗ ನಡೀತೈತಿ" ಎಂದು ತಿಳಿದವರಿದ್ದಾರೆ. ಅದು ಶಿಕ್ಷೆಯ ಮಟ್ಟವೇ ಹೊರತು ಅನುಮತಿಯಲ್ಲ. ಮಿಶ್ರಣವಿದ್ದರೆ ಪೂರ್ತಿ ತೂಕವೇ ಲೆಕ್ಕ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ದುಬೈ ಮೇಲೆ ಬರುವವರಿಗೆ ಇನ್ನೊಂದು ಗಂಡಾಂತರ: ಅಲ್ಲಿ ಸಿಬಿಡಿ ಎಣ್ಣೆಯೂ ನಿಷಿದ್ಧ. ಹಾವೇರಿಯ ಗೋವಿನಜೋಳದ ನಡುವೆ ಒಂದು ಗಿಡ ಬೆಳೆಸಿದರೂ ಹತ್ತು ವರ್ಷದವರೆಗಿನ ಶಿಕ್ಷೆಗೆ ಅವಕಾಶವಿದೆ, ತೂಕದ ಮಾತೇ ಬರುವುದಿಲ್ಲ.

ಊರಲ್ಲಿ ಕಾನೂನಿನೊಳಗೆ ಇರುವುದು ಎರಡು ದಾರಿ. ಬರೀ ಎಲೆ, ಅಂದರೆ ಭಂಗಿ, ಎನ್‌ಡಿಪಿಎಸ್ ವ್ಯಾಖ್ಯೆಯ ಹೊರಗಿದೆ; ಕರ್ನಾಟಕ ಹೈಕೋರ್ಟ್ ಕೂಡ 2022ರಲ್ಲಿ ಇದನ್ನೇ ಹೇಳಿತು. ಆಯುರ್ವೇದದಲ್ಲಿ ಅದಕ್ಕೆ ವಿಜಯಾ ಎಂದು ಹೆಸರು, ಪರವಾನಗಿ ಪಡೆದ ತಯಾರಕರ ಔಷಧಗಳು ಸಿಗುತ್ತವೆ. ವೈದ್ಯರ ಚೀಟಿ ಮೇಲೆ ತಗೊಳ್ಳಿ. ಪರವಾನಗಿ ಸಂಖ್ಯೆ, ಬ್ಯಾಚ್, ಪ್ರತಿ ಮಿಲಿಗೆ ಎಷ್ಟು ಟಿಎಚ್‌ಸಿ ಎಂಬುದು ಲೇಬಲಿನ ಮೇಲೆ ಇಲ್ಲದಿದ್ದರೆ ವಾಪಸ್ ಇಡಿ. ಫಿಟ್ಸ್ ಗುಳಿಗೆ ನಿಲ್ಲಿಸಿ ಇದನ್ನು ಶುರು ಮಾಡಬೇಡಿ. ಕ್ಯಾನ್ಸರ್ ಗಡ್ಡೆ ಇದರಿಂದ ಕರಗುತ್ತದೆ ಎನ್ನುವ ಫಾರ್ವರ್ಡ್‌ಗಳಿಗೆ ರೋಗಿಗಳ ಮೇಲಿನ ಪುರಾವೆ ಇಲ್ಲ.

ಎರಡನೆಯ ದಾರಿ ಇದು: ಕ್ಯಾನ್ಸರಿನ ಕಡು ನೋವಿಗೆ ಮಾರ್ಫಿನ್ ಗುಳಿಗೆಯೇ ಗಟ್ಟಿ ಮದ್ದು. 2014ರ ತಿದ್ದುಪಡಿಯ ನಂತರ ಮಾನ್ಯತೆ ಪಡೆದ ದವಾಖಾನೆಗಳು ಅದನ್ನು ಇಟ್ಟುಕೊಳ್ಳುವ ನಿಯಮ ಸರಳವಾಗಿದೆ. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ, ಧಾರವಾಡ ಇಲ್ಲವೆ ಗದಗಿನ ದೊಡ್ಡ ದವಾಖಾನೆಯಲ್ಲಿ "ನೋವು ಶಮನ ವಿಭಾಗ ಇದೆಯೇ, ಮಾರ್ಫಿನ್ ಇದೆಯೇ" ಎಂದು ನೇರವಾಗಿ ಕೇಳಿ. ಬಯಾಪ್ಸಿ ರಿಪೋರ್ಟು, ಡಿಸ್ಚಾರ್ಜ್ ಕಾರ್ಡು, ಈಗ ನುಂಗುತ್ತಿರುವ ಗುಳಿಗೆಗಳ ಪಟ್ಟಿ ಕೈಯಲ್ಲಿರಲಿ. ಮಾರ್ಫಿನ್ ಬರೆದ ದಿನವೇ ಮಲಬದ್ಧತೆಗೂ ಔಷಧ ಬರೆಸಿಕೊಳ್ಳಿ. ಅದನ್ನು ಮರೆತದ್ದಕ್ಕೇ ಎಷ್ಟೋ ಮಂದಿ ನಾಲ್ಕು ದಿನಕ್ಕೆ ಮಾರ್ಫಿನ್ ಬಿಟ್ಟುಬಿಡುತ್ತಾರೆ.