ಸೌಟು ಎಡಕ್ಕೆ, ದಂಡ ಬಲಕ್ಕೆ: ಅಗಸ್ಟಸನ ಡಿನೇರಿಯಸ್ ಕೊನೆಗೂ ಕ್ಯಾಮೆರಾಕ್ಕೆ ದಕ್ಕಿತು

ಲುಗ್ಡುನಮ್, ಅಂದರೆ ಇಂದಿನ ಫ್ರಾನ್ಸಿನ ಲಿಯೋನ್‌ನ ಟಂಕಸಾಲೆಯಲ್ಲಿ ಅಚ್ಚಾದ ರೋಮನ್ ಚಕ್ರವರ್ತಿ ಅಗಸ್ಟಸನ ಬೆಳ್ಳಿ ನಾಣ್ಯವಾದ, ಅವನ ಮೊಮ್ಮಕ್ಕಳಾದ ಗಾಯಸ್–ಲೂಸಿಯಸರ ಮಾದರಿಯ ಡಿನೇರಿಯಸ್‌ನ ಹಿಮ್ಮುಖ ಕೊನೆಗೂ ಓದುವಂತಾಗಿದೆ. ತೂಕ, ವ್ಯಾಸ ಮತ್ತು ಮುಮ್ಮುಖದ ಚಿತ್ರಗಳ ಕೆಲಸ ಎಂದಿನಂತೆ ಮುಗಿದಿದೆ; ನನ್ನನ್ನು ಕಾಡಿದ್ದು ಇಬ್ಬರು ರಾಜಕುಮಾರರ ನಡುವೆ, ಗುರಾಣಿ ಮತ್ತು ಭರ್ಜಿಗಳ ಮೇಲುಗಡೆ ಇರುವ ಸವೆದ ಜಾಗ ಮಾತ್ರ.

ಅಲ್ಲಿರುವುದು ದೇವತೆಗಳಿಗೆ ದ್ರಾಕ್ಷಾರಸ ಅರ್ಪಿಸುವ ಸೌಟಾದ ಸಿಂಪುಲಮ್ ಮತ್ತು ಶಕುನ ನೋಡುವ ಪುರೋಹಿತರ, ತುದಿ ಸುರುಳಿಯಾದ ದಂಡವಾದ ಲಿಟುಸ್. ಮೊದಲನೆಯದು ಗಾಯಸನ ಪೌರೋಹಿತ್ಯವನ್ನೂ ಎರಡನೆಯದು ಲೂಸಿಯಸನ ಪೌರೋಹಿತ್ಯವನ್ನೂ ಸೂಚಿಸುತ್ತವೆ. ಮೊಮ್ಮಕ್ಕಳನ್ನು ದತ್ತು ಪಡೆದು ಉತ್ತರಾಧಿಕಾರಿಗಳೆಂದು ಲೋಕಕ್ಕೆ ತೋರಿಸಿದ ಅಗಸ್ಟಸನ ಆಸೆಯೆಲ್ಲ ಈ ಅಂಗೈಯಗಲಕ್ಕೂ ಬಾರದ ಬೆಳ್ಳಿಯಲ್ಲಿದೆ; ಲೂಸಿಯಸ್ ಕ್ರಿ.ಶ. 2ರಲ್ಲಿ, ಗಾಯಸ್ 4ರಲ್ಲಿ ತೀರಿಕೊಂಡರು. ಎರಡು ಸಲಕರಣೆಗಳ ಸ್ಥಾನ ಅದಲುಬದಲಾದ ಅಚ್ಚುಗಳೂ ಇರುವುದರಿಂದ, ಅವು ಕಾಣದ ಹೊರತು ಉಪಮಾದರಿಯನ್ನು ನಿರ್ಧರಿಸಲಾಗದು.

ನಾಣ್ಯದ ಮೇಲುಗಡೆ ಗಾಜನ್ನು 45 ಡಿಗ್ರಿ ಓರೆಯಾಗಿಟ್ಟು, ಪಕ್ಕದ ಬೆಳಕನ್ನು ಅದರಿಂದ ಪ್ರತಿಫಲಿಸಿ ನೇರವಾಗಿ ಕೆಳಕ್ಕೆ ಬೀಳಿಸುವ ಕ್ರಮ ಇಲ್ಲಿ ಫಲಿಸಲಿಲ್ಲ, ಏಕೆಂದರೆ ಸವೆದ ಉಬ್ಬಿಗೆ ಇಳಿಜಾರೇ ಉಳಿದಿಲ್ಲ. ತೆಳುಗಾಜೆಂದು ಹೇಳಿ ದಪ್ಪ ಕಿಟಕಿಗಾಜನ್ನು ಕಳುಹಿಸಿದ ಮಾರಾಟಗಾರರು ಚಿತ್ರವನ್ನು ಇನ್ನಷ್ಟು ಮಸುಕಾಗಿಸಿದರು. ಹಣ ತೆಗೆದುಕೊಳ್ಳುವವರು ಅಳತೆಯನ್ನಾದರೂ ಸರಿಯಾಗಿ ನಮೂದಿಸಬೇಕು. ಅನಂತರ ಒಂದೇ ದೀಪವನ್ನು ನಾಣ್ಯದ ಮಟ್ಟಕ್ಕೆ ತಗ್ಗಿಸಿದಾಗ ಸೌಟಿನ ಬಟ್ಟಲು ತಕ್ಷಣ ಕಂಡಿತಾದರೂ ದಂಡ ಕಾಣಲಿಲ್ಲ. ಬೆಳಕಿನ ದಿಕ್ಕಿಗೆ ಸಮಾನಾಂತರವಾಗಿ ಮಲಗಿದ ಗೆರೆಗೆ ನೆರಳು ಬೀಳುವುದಿಲ್ಲವೆಂಬುದೇ ಇದರ ಕಾರಣ. ದೀಪ ಮತ್ತು ಕ್ಯಾಮೆರಾವನ್ನು ಅಲುಗಿಸದೆ ನಾಣ್ಯವನ್ನಷ್ಟೇ ಸ್ವಲ್ಪ ಸ್ವಲ್ಪವಾಗಿ ತಿರುಗಿಸುತ್ತ ತೆಗೆದ ಚಿತ್ರಗಳನ್ನು ಒಂದೇ ನಿಲುವಿಗೆ ಹೊಂದಿಸಿ ಒಂದರ ಹಿಂದೊಂದು ನೋಡಿದಾಗ, ಬಲಗಡೆಯಲ್ಲಿ ಸುರುಳಿಯ ತುದಿ ನಿಸ್ಸಂದೇಹವಾಗಿ ಎದ್ದು ಬಂದಿತು. ಆ ಕ್ಷಣದ ಸಂತೋಷವನ್ನು ಸವೆದ ನಾಣ್ಯಗಳೊಡನೆ ಹೆಣಗಿದವರೇ ಬಲ್ಲರು.

ಮುಂದಿನ ಸರದಿ ಅಗಸ್ಟಸನ ನಂತರ ಚಕ್ರವರ್ತಿಯಾದ ಟೈಬೀರಿಯಸನ ಡಿನೇರಿಯಸ್‌ನದು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗಸ್ಟಸ್ ಮತ್ತು ಟೈಬೀರಿಯಸ್ ಇಬ್ಬರ ಬೆಳ್ಳಿ ನಾಣ್ಯಗಳೂ ಸಿಕ್ಕಿರುವುದರಿಂದ ಈ ಜೋಡಿಯ ಮೇಲೆ ನನಗೆ ವಿಶೇಷ ಮಮತೆ. ಟೈಬೀರಿಯಸನ ನಾಣ್ಯದ ಹಿಮ್ಮುಖದಲ್ಲಿ ಆಲಿವ್ ರೆಂಬೆ ಹಿಡಿದು ಕುಳಿತ ಸ್ತ್ರೀಯನ್ನು ಸಾಮಾನ್ಯವಾಗಿ ಅಗಸ್ಟಸನ ಪತ್ನಿಯೂ ಟೈಬೀರಿಯಸನ ತಾಯಿಯೂ ಆದ ಲಿವಿಯಾ ಎನ್ನುತ್ತಾರೆ. ಅವಳ ಆಸನದ ಕಾಲುಗಳು ಸರಳವೋ ಅಲಂಕೃತವೋ, ಇನ್ನೊಂದು ಕೈಯಲ್ಲಿರುವುದು ರಾಜದಂಡವೋ ತಲೆಕೆಳಗಾದ ಭರ್ಜಿಯೋ ಎಂಬುದನ್ನು ಇದೇ ಓರೆಬೆಳಕಿನಲ್ಲಿ ಪರೀಕ್ಷಿಸಬೇಕು. ಕೋಲು ಬಹುತೇಕ ನೆಟ್ಟಗಿರುವುದರಿಂದ ದೀಪವನ್ನು ಮೊದಲು ಪಕ್ಕದಿಂದಲೇ ಹಿಡಿಯುತ್ತೇನೆ.