ಆ ರಾತ್ರಿ ಹಡಗು ನಿಲ್ಲಲಿಲ್ಲ

ಆಗಸ್ಟ್ 27 ಸಂತ ಮೋನಿಕಾ ಹಬ್ಬ. ಮಾರನೇ ದಿನ, 28ಕ್ಕೆ, ಆಕೆಯ ಮಗ ಸಂತ ಅಗಸ್ಟೀನರ ಹಬ್ಬ. ಮೊದಲು ತಾಯಿಯ ಹಬ್ಬ ಮೇ 4ಕ್ಕೆ ಬರುತ್ತಿತ್ತು. 1969ರಲ್ಲಿ ಧರ್ಮಸಭೆಯ ಹಬ್ಬಗಳ ಪಟ್ಟಿಯನ್ನು ತಿದ್ದಿದಾಗ ಅದನ್ನು ಮಗನ ಹಬ್ಬದ ಹಿಂದಿನ ದಿನಕ್ಕೆ ತಂದಿಟ್ಟರು. ಒಳ್ಳೆಯದೇ ಮಾಡಿದರು. ಆ ತಾಯಿ ಮಗನನ್ನು ಬೇರೆ ಬೇರೆಯಾಗಿ ನೆನೆಯುವುದು ಕಷ್ಟ.

ನಮ್ಮ ಕಡೆ ಈ ಹಬ್ಬಕ್ಕೆ ದೊಡ್ಡ ಸಡಗರ ಇರುವುದಿಲ್ಲ. ಎರಡೇ ದಿನಕ್ಕೆ ಬೆಂಗಳೂರಿನ ಶಿವಾಜಿನಗರದ ಬೆಸಿಲಿಕಾದಲ್ಲಿ ಬಾವುಟ ಏರುತ್ತದೆ. ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನವರ ಹುಟ್ಟುಹಬ್ಬಕ್ಕೆ ನವೇನ, ಅಂದರೆ ಒಂಬತ್ತು ದಿನದ ಪ್ರಾರ್ಥನೆ, ಶುರುವಾಗುತ್ತದೆ. ಕರಾವಳಿಯಲ್ಲಿ ಮಕ್ಕಳು ಅದೇ ದಿನದ ಮೊಂತಿ ಹಬ್ಬಕ್ಕೆ ಹೂ ಹುಡುಕಲು ಹೊರಡುತ್ತಾರೆ. ಇದರ ನಡುವೆ ಮೋನಿಕಮ್ಮನ ದಿನ ಬೆಳಗಿನ ಪೂಜೆಯಲ್ಲೇ ಬಂದು ಹೋಗಿಬಿಡುತ್ತದೆ.

ಆದರೆ ನವೇನದ ದಿನಗಳಲ್ಲಿ ಕೋರಿಕೆ ಪೆಟ್ಟಿಗೆಗೆ ಬೀಳುವ ಚೀಟಿಗಳನ್ನು ನೋಡಿ. ಎಷ್ಟೋ ಕಡೆ ಅವನ್ನು ಗಟ್ಟಿಯಾಗಿ ಓದುತ್ತಾರೆ. ಮಗನಿಗೆ ಕೆಲಸ ಸಿಗಲಿ. ಮಗ ಕುಡಿತ ಬಿಡಲಿ. ಮಗಳಿಗೆ ಒಳ್ಳೆ ಸಂಬಂಧ ಕೂಡಿ ಬರಲಿ. ದೊಡ್ಡವನು ಪೂಜೆಗೆ ಬರುವುದನ್ನೇ ಬಿಟ್ಟಿದ್ದಾನೆ, ದೇವರೇ, ಅವನನ್ನು ಕರೆದುಕೊಂಡು ಬಾ. ಹೆಸರು ಇರುವುದಿಲ್ಲ. ಆದರೂ ಬರೆದದ್ದು ತಾಯಿ ಅಂತ ಕೇಳಿದ ತಕ್ಷಣ ಗೊತ್ತಾಗುತ್ತದೆ. ಈ ಚೀಟಿಗಳಲ್ಲಿರುವ ಎಷ್ಟೋ ಕೋರಿಕೆಗಳು ಹದಿನಾರು ಶತಮಾನಗಳ ಹಿಂದೆ ಮೋನಿಕಾಳ ಮನಸ್ಸಿನಲ್ಲೂ ಇದ್ದವು. ಅದಕ್ಕೇ ಆಕೆಯ ಕಥೆಯನ್ನು ನಾವು, ತಾಯಂದಿರು, ಸ್ವಲ್ಪ ನಿಧಾನವಾಗಿ ಓದಬೇಕು ಅನಿಸುತ್ತದೆ. "ಅತ್ತಳು, ಪ್ರಾರ್ಥಿಸಿದಳು, ಮಗ ಸಂತನಾದ" ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದರೆ ನಡುವಿನದೆಲ್ಲ ಬಿಟ್ಟುಹೋಗುತ್ತದೆ.

ಆಕೆಯ ಊರು ಉತ್ತರ ಆಫ್ರಿಕಾದ ತಗಾಸ್ತೆ. ಇವತ್ತಿನ ಅಲ್ಜೀರಿಯಾದ ಸೂಕ್ ಅಹ್ರಾಸ್. ಗಂಡ ಪತ್ರೀಶಿಯಸ್ ಕ್ರೈಸ್ತನಲ್ಲ. ಮನಸ್ಸು ಒಳ್ಳೆಯದು, ಸಿಟ್ಟು ಜಾಸ್ತಿ, ಹೆಂಡತಿಗೆ ನಿಷ್ಠೆಯಿಂದಲೂ ಇರಲಿಲ್ಲ. ಅಗಸ್ಟೀನ್ ಹುಟ್ಟಿದ್ದು 354ರ ನವೆಂಬರ್ 13ರಂದು. ಬುದ್ಧಿವಂತ ಹುಡುಗ. ಸಾಲದ್ದಕ್ಕೆ ಅಪ್ಪ ಅಮ್ಮ ಇಬ್ಬರಿಗೂ ಅವನ ಓದಿನ ಮೇಲೆ ಭಾರಿ ಆಸೆ. ಓದಲು ಕಾರ್ಥೇಜ್ ಪಟ್ಟಣಕ್ಕೆ ಹೋದ ಮಗ ಹತ್ತೊಂಬತ್ತರ ಹೊತ್ತಿಗೆ ಮಾನಿ ಎಂಬುವನು ಹುಟ್ಟುಹಾಕಿದ, ಧರ್ಮಸಭೆ ಒಪ್ಪದ ಪಂಥಕ್ಕೆ ಸೇರಿಕೊಂಡ. ಒಬ್ಬ ಹೆಣ್ಣಿನ ಜೊತೆ ಮದುವೆಯಿಲ್ಲದೆ ಸಂಸಾರ ಹೂಡಿದ, ಮಗನೂ ಹುಟ್ಟಿದ. ಮನೆಗೆ ಬಂದರೆ ಅಮ್ಮನ ನಂಬಿಕೆಯನ್ನೇ ಗೇಲಿ ಮಾಡುತ್ತಿದ್ದ.

ಮೋನಿಕಾ ಏನು ಮಾಡಿದಳು? ಮೊದಲು ಸಿಟ್ಟಾದಳು. ಒಂದೇ ಮನೆಯಲ್ಲಿರುವುದೂ ಬೇಡ, ಒಂದೇ ಮೇಜಿನಲ್ಲಿ ಊಟವೂ ಬೇಡ ಅಂದಳು. ಈ ಮಾತನ್ನು ಪ್ರವಚನಗಳಲ್ಲಿ ಯಾರೂ ಹೆಚ್ಚು ಹೇಳುವುದಿಲ್ಲ. ನನಗಂತೂ ಇಲ್ಲೇ ಆಕೆ ತುಂಬ ಹತ್ತಿರವಾಗುವುದು. ಬಾಗಿಲು ಹಾಕಿಕೊಂಡ ತಾಯಿಯೂ ಪ್ರಾರ್ಥಿಸಬಹುದು ಅಂತ ಆಯಿತಲ್ಲ.

ಆಮೇಲೆ ಒಂದು ಕನಸು ಬಿತ್ತು. ಆಕೆ ಮರದ ಪಟ್ಟಿಯೊಂದರ ಮೇಲೆ ನಿಂತು ದುಃಖಿಸುತ್ತಿದ್ದಾಳೆ. ಹೊಳೆಯುವ ಮುಖದ ಒಬ್ಬ ಯುವಕ ಬಂದು ಯಾಕೆ ಅಳುತ್ತೀ ಎಂದು ಕೇಳುತ್ತಾನೆ. ಮಗ ಹಾಳಾಗುತ್ತಿದ್ದಾನೆ ಅನ್ನುತ್ತಾಳೆ. ನೀನಿರುವ ಕಡೆಯೇ ಅವನೂ ಇದ್ದಾನೆ, ನೋಡು ಅನ್ನುತ್ತಾನೆ. ತಿರುಗಿ ನೋಡಿದರೆ ಅದೇ ಪಟ್ಟಿಯ ಮೇಲೆ ಪಕ್ಕದಲ್ಲೇ ಮಗ ನಿಂತಿದ್ದಾನೆ. ಈ ಕನಸು ಕೇಳಿ ಅಗಸ್ಟೀನ್, "ಹಾಗಾದರೆ ನೀನೂ ಒಂದು ದಿನ ನನ್ನ ಹಾಗೆ ಆಗುತ್ತೀ ಅಂತ ಅರ್ಥ" ಎಂದು ವಾದ ಹೂಡಿದ. ಅಮ್ಮ ಒಂದು ಕ್ಷಣವೂ ತಡೆಯಲಿಲ್ಲ. ಅವನಿರುವ ಕಡೆ ನೀನು ಅಂತ ಹೇಳಲಿಲ್ಲಪ್ಪ, ನೀನಿರುವ ಕಡೆ ಅವನು ಅಂತ ಹೇಳಿದ್ದು ಅಂದಳು. ಕನಸಿಗಿಂತ ಅಮ್ಮನ ಆ ಉತ್ತರವೇ ತನ್ನನ್ನು ಜಾಸ್ತಿ ತಟ್ಟಿತು ಎಂದು ಮಗನೇ ಮುಂದೆ ಬರೆದಿದ್ದಾನೆ. ಆಕೆ ಮತ್ತೆ ಅವನನ್ನು ಮನೆಗೆ ಸೇರಿಸಿಕೊಂಡಳು. ಮಗ ಒಂದಿಷ್ಟೂ ಬದಲಾಗಿರಲಿಲ್ಲ. ಬದಲಾದದ್ದು ಅಮ್ಮ.

ಕರಾವಳಿಯ ಕೊಂಕಣಿ ಮನೆಗಳಲ್ಲಿ ಸಂಜೆ ತೇರ್ಸ್, ಅಂದರೆ ಜಪಮಾಲೆ ಪ್ರಾರ್ಥನೆ, ಮುಗಿದ ಮೇಲೆ ಮಕ್ಕಳು ಹಿರಿಯರ ಮುಂದೆ ಕೈ ಮುಗಿದು ಬೆಸಾಂವ್ (ಆಶೀರ್ವಾದ) ಕೇಳುತ್ತಾರೆ. ಹಗಲೆಲ್ಲ ಬೈಸಿಕೊಂಡ ಮಗನೂ ಕೇಳುತ್ತಾನೆ, ಬೈದ ಅಮ್ಮನೂ ಕೊಡುತ್ತಾಳೆ. ಮಗ ದುಬೈಯಲ್ಲೋ ಕುವೈತಿನಲ್ಲೋ ಇದ್ದರೆ ಈಗ ಫೋನಿನಲ್ಲೇ. ಕೆಲವು ಅಮ್ಮಂದಿರು ಫೋನಿನ ಪರದೆಯ ಮೇಲೆ, ಅವನ ಹಣೆ ಕಾಣುವ ಜಾಗದಲ್ಲಿ, ಹೆಬ್ಬೆರಳಿನಿಂದ ಶಿಲುಬೆಯ ಗುರುತು ಹಾಕುತ್ತಾರೆ. ಅವನು ಪೂಜೆಗೆ ಹೋದನೋ ಇಲ್ಲವೋ ಎಂದು ಆ ಹೊತ್ತಿನಲ್ಲಿ ಕೇಳುವುದಿಲ್ಲ.

ಮೋನಿಕಾ ಒಬ್ಬ ಧರ್ಮಾಧ್ಯಕ್ಷರ (ಬಿಷಪ್) ಹತ್ತಿರ ಹೋದದ್ದೂ ಹೀಗೇ ಒಂದು ಸಲ. ನನ್ನ ಮಗನ ಜೊತೆ ಕೂತು ಮಾತಾಡಿ, ವಾದದಲ್ಲಿ ಸೋಲಿಸಿ ಎಂದು ಕೇಳಿಕೊಂಡಳು. ಅವರು ಒಪ್ಪಲಿಲ್ಲ. ಅವರೂ ಚಿಕ್ಕಂದಿನಲ್ಲಿ ಅದೇ ಪಂಥದಲ್ಲಿ ಬೆಳೆದವರು. ಅದರ ಪುಸ್ತಕಗಳನ್ನು ಓದಿದ್ದರು, ನಕಲು ಕೂಡ ಮಾಡಿದ್ದರು, ಕೊನೆಗೆ ಯಾರೂ ಹೇಳದೆ ತಾವೇ ಬಿಟ್ಟು ಬಂದಿದ್ದರು. ಅವನ ಪಾಡಿಗೆ ಅವನನ್ನು ಬಿಡು, ಸುಮ್ನೆ ಅವನಿಗಾಗಿ ಪ್ರಾರ್ಥಿಸು ಅಂದರು. ಆಕೆ ಬಿಡಲಿಲ್ಲ, ಅತ್ತು ಅತ್ತು ಕಾಡಿದಳು. ಅವರಿಗೂ ಸಾಕಾಯಿತು. ಹೋಗಮ್ಮ, ಇಷ್ಟು ಕಣ್ಣೀರಿನ ಮಗ ಹಾಳಾಗಿ ಹೋಗಲು ಸಾಧ್ಯವೇ ಇಲ್ಲ ಅಂದುಬಿಟ್ಟರು. ಲೋಕವೆಲ್ಲ ನೆನಪಿಟ್ಟುಕೊಂಡ ಆ ಮಾತು ಸ್ವಲ್ಪ ಬೇಸರದಲ್ಲೇ ಬಂದದ್ದು. ಮೋನಿಕಾ ಮಾತ್ರ ಅದನ್ನು ಸ್ವರ್ಗದಿಂದ ಬಂದ ಮಾತು ಎಂದೇ ಹಿಡಿದುಕೊಂಡಳು.

ಇನ್ನು ಆ ರಾತ್ರಿ. 383ರಲ್ಲಿ ಅಗಸ್ಟೀನ್ ರೋಮಿಗೆ ಹೊರಟ. ಅಮ್ಮನಿಗೆ ಭಯ. ಇಲ್ಲಿದ್ದೇ ಹೀಗೆ, ಅಷ್ಟು ದೂರ ಹೋದರೆ ಗತಿಯೇನು? ಕಡಲ ದಡದ ತನಕ ಬಂದು ಗಟ್ಟಿಯಾಗಿ ಹಿಡಿದುಕೊಂಡಳು. ಒಂದೋ ನನ್ನ ಜೊತೆ ವಾಪಸು ಬಾ, ಇಲ್ಲ ನನ್ನನ್ನೂ ಕರೆದುಕೊಂಡು ಹೋಗು. ಮಗ ಸುಳ್ಳು ಹೇಳಿದ. ಒಬ್ಬ ಗೆಳೆಯನ ಹಡಗು ಹೊರಡುವವರೆಗೆ ಜೊತೆಗಿರಬೇಕು, ಅಷ್ಟೇ ಅಂದ. ಹಡಗಿನ ಹತ್ತಿರವೇ ಸಂತ ಸಿಪ್ರಿಯಾನರ ಗುಡಿಯಿತ್ತು. ರಾತ್ರಿ ಅಲ್ಲಿ ಉಳಿದುಕೋ ಎಂದು ಒಪ್ಪಿಸಿದ. ಆಕೆ ರಾತ್ರಿಯೆಲ್ಲ ಅಲ್ಲಿ ಅಳುತ್ತ ಪ್ರಾರ್ಥಿಸಿದಳು. ಬೇಡಿದ್ದು ಒಂದೇ, ಅವನು ಹೋಗದಿರಲಿ. ಅದೇ ರಾತ್ರಿ ಗಾಳಿ ಬೀಸಿತು, ಹಡಗು ಹೊರಟಿತು. ಬೆಳಗಾದರೆ ದಡದಲ್ಲಿ ತಾಯಿ ಒಬ್ಬಳೇ.

ಬೇಡಿದ್ದು ಸಿಗದ ಬೆಳಗನ್ನು ನೋಡದ ತಾಯಿ ಯಾರಿದ್ದಾರೆ? ನಾವು ಆಗ ಏನಂದುಕೊಳ್ಳುತ್ತೇವೆ? ದೇವರು ಕೇಳಲಿಲ್ಲ, ಅಥವಾ ನನ್ನ ಪ್ರಾರ್ಥನೆಯಲ್ಲೇ ಏನೋ ಕೊರತೆ. ವರ್ಷಗಳ ನಂತರ ಅಗಸ್ಟೀನ್ ಆ ರಾತ್ರಿಯನ್ನು ನೆನೆದು ದೇವರಿಗೆ ಹೇಳುವ ಮಾತು ಬೇರೆ. ಆಕೆ ಆಗ ಕೇಳಿದ್ದನ್ನು ನೀನು ಕೊಡಲಿಲ್ಲ, ಯಾವಾಗಲೂ ಕೇಳುತ್ತಿದ್ದುದನ್ನು ಕೊಡಲೆಂದೇ ಕೊಡಲಿಲ್ಲ ಅನ್ನುತ್ತಾನೆ. ಹಡಗು ನಿಂತಿದ್ದರೆ ರೋಮಿಲ್ಲ, ಮಿಲಾನಿಲ್ಲ, ಅಲ್ಲಿನ ಧರ್ಮಾಧ್ಯಕ್ಷ ಅಂಬ್ರೋಸರಿಲ್ಲ. ತಾಯಿಯ ಪ್ರಾರ್ಥನೆಯಲ್ಲಿ ಎರಡು ಪದರ ಇರುತ್ತದೆ ಅಂತ ನಾನು ನಂಬುವುದು ಈ ಮಾತಿನಿಂದಲೇ. ಮೇಲಿನದು ಇವತ್ತಿನ ಕೋರಿಕೆ: ಆ ಸೀಟು, ಆ ವೀಸಾ, ಆ ಸಂಬಂಧ, ಊರಲ್ಲೇ ಉಳಿಯಲಿ ಅನ್ನುವ ಆಸೆ. ಕೆಳಗಿನದು ಒಂದೇ, ಈ ಮಗು ದೇವರ ಕೈಯಿಂದ ಜಾರದಿರಲಿ. ಮೇಲಿನದನ್ನು ದೇವರು ಎಷ್ಟೋ ಸಲ ಬದಿಗಿಡುತ್ತಾನೆ. ಕೆಳಗಿನದನ್ನು ಮರೆಯುವುದಿಲ್ಲ.

ಮೋನಿಕಾ ದಡದಿಂದ ಊರಿಗೆ ಹೋದಳು, ತನ್ನ ಎಂದಿನ ಪ್ರಾರ್ಥನೆಗೆ ಮರಳಿದಳು. ದಿನಕ್ಕೆ ಎರಡು ಹೊತ್ತು, ಬೆಳಿಗ್ಗೆ ಸಂಜೆ, ದೇವಾಲಯಕ್ಕೆ ಹೋಗುವುದನ್ನು ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಆಮೇಲೆ ತಾನೇ ಹಡಗು ಹತ್ತಿ ಮಗನನ್ನು ಹುಡುಕಿಕೊಂಡು ಹೊರಟಳು. ಕಡಲಲ್ಲಿ ಬಿರುಗಾಳಿ ಎದ್ದಾಗ ನಾವಿಕರಿಗೇ ಧೈರ್ಯ ಹೇಳಿದಳು.

ಅಷ್ಟರಲ್ಲಿ ಮಗ ರೋಮಿನಿಂದ ಮಿಲಾನಿಗೆ ಹೋಗಿದ್ದ. ಅಲ್ಲಿ ಇನ್ನೊಂದು ಸಣ್ಣ ಘಟನೆ. ಆಫ್ರಿಕಾದ ರೂಢಿಯಂತೆ ರಕ್ತಸಾಕ್ಷಿಗಳ, ಅಂದರೆ ನಂಬಿಕೆಗಾಗಿ ಪ್ರಾಣ ಕೊಟ್ಟವರ, ಸಮಾಧಿಗೆ ಅಂಬಲಿ, ರೊಟ್ಟಿ, ದ್ರಾಕ್ಷಾರಸ ತೆಗೆದುಕೊಂಡು ಹೋದಳು. ಬಾಗಿಲು ಕಾಯುವವನು ತಡೆದ. ಇಲ್ಲಿ ಧರ್ಮಾಧ್ಯಕ್ಷ ಅಂಬ್ರೋಸರು ಇದನ್ನು ನಿಲ್ಲಿಸಿದ್ದಾರೆ ಅಂದ. ಜೀವಮಾನವಿಡೀ ಮಾಡಿಕೊಂಡು ಬಂದ ಹರಕೆಯ ಬುಟ್ಟಿ ಅದು. ಆಕೆ ಒಂದು ಮಾತೂ ಆಡದೆ ಬಿಟ್ಟುಕೊಟ್ಟಳು. ಬುಟ್ಟಿಯ ಬದಲು ಪ್ರಾರ್ಥನೆ ತುಂಬಿದ ಎದೆ ತೆಗೆದುಕೊಂಡು ಹೋಗುವುದನ್ನು ಕಲಿತಳು ಎಂದು ಮಗ ಬರೆದಿದ್ದಾನೆ.

ಒಂದು ಕಡೆ ಮಾತ್ರ ನನಗೆ ಆಕೆಯ ಜೊತೆ ನಿಲ್ಲಲು ಆಗುವುದಿಲ್ಲ. ಮಗನಿಗೆ ಒಳ್ಳೆಯ ಮನೆತನದ ಹುಡುಗಿಯನ್ನು ಗೊತ್ತು ಮಾಡಲು ಆಕೆ ತುಂಬ ಓಡಾಡಿದಳು. ಮದುವೆಗೆ ಅಡ್ಡಿ ಎಂದು ಅವನ ಜೊತೆ ವರ್ಷಗಟ್ಟಲೆ ಬಾಳಿದ ಹೆಣ್ಣನ್ನು ಆಫ್ರಿಕಾಕ್ಕೆ ವಾಪಸು ಕಳಿಸಿದರು. ಮಗು ಅಪ್ಪನ ಹತ್ತಿರ ಉಳಿಯಿತು. ಆ ತಾಯಿಯ ಹೆಸರು ಕೂಡ ನಮಗೆ ಉಳಿದಿಲ್ಲ. ಅವಳೂ ಮಗನಿಗಾಗಿ ಪ್ರಾರ್ಥಿಸಿರುತ್ತಾಳೆ, ಅಲ್ವಾ? ಈ ಮದುವೆಯ ಬಗ್ಗೆ ಏನಾದರೂ ತೋರಿಸು ಎಂದು ಮೋನಿಕಾ ದೇವರನ್ನು ಕೇಳುತ್ತಲೇ ಇದ್ದಳು. ಮಗನೂ ಕೇಳಲು ಹೇಳಿದ್ದ. ಪಟ್ಟಿಯ ಕನಸು ಕೊಟ್ಟ ದೇವರು ಇದಕ್ಕೆ ಏನನ್ನೂ ತೋರಿಸಲಿಲ್ಲ. ಮದುವೆಯೂ ಆಗಲಿಲ್ಲ. 386ರಲ್ಲಿ ಮಿಲಾನಿನ ತೋಟದಲ್ಲಿ ಅಗಸ್ಟೀನನ ಮನಸ್ಸು ತಿರುಗಿತು. ಅವನು ಕೂಡಲೇ ಒಳಗೆ ಹೋಗಿ ಅಮ್ಮನಿಗೆ ಹೇಳಿದ. ಮೊಮ್ಮಕ್ಕಳು ಬೇಕು ಅಂದುಕೊಂಡಿದ್ದ ಅಮ್ಮನಿಗೆ ಅದಕ್ಕಿಂತ ದೊಡ್ಡ ಸಂತೋಷ ಸಿಕ್ಕಿತು. 387ರ ಪಾಸ್ಕ (ಈಸ್ಟರ್) ಜಾಗರಣೆಯ ರಾತ್ರಿ ಅಂಬ್ರೋಸರು ಅವನಿಗೆ ದೀಕ್ಷಾಸ್ನಾನ ಕೊಟ್ಟರು. ಮಗ ಅದೆಯೋದಾತುಸನಿಗೂ ಅದೇ ರಾತ್ರಿ.

ಆಗಸ್ಟ್ 27ರ ಪೂಜೆಯ ಆರಂಭದ ಪ್ರಾರ್ಥನೆಯನ್ನು ಈ ಸಲ ಗಮನವಿಟ್ಟು ಕೇಳಿ. ಮೋನಿಕಾಳ ಕಣ್ಣೀರನ್ನು ದೇವರು ಕರುಣೆಯಿಂದ ಸ್ವೀಕರಿಸಿದನು ಎಂದು ಅದು ನೆನೆಯುತ್ತದೆ. ಮುಂದೆ ನಮ್ಮ ಮಕ್ಕಳು ಸರಿಹೋಗಲಿ ಎಂದು ಕೇಳುತ್ತದೆ ಅಂದುಕೊಂಡರೆ, ಇಲ್ಲ. ನಾವು ನಮ್ಮ ಪಾಪಗಳಿಗೆ ಅಳುವಂತಾಗಲಿ, ನಮಗೆ ಕ್ಷಮೆ ಸಿಗಲಿ ಎಂದು ಕೇಳುತ್ತದೆ. ಮಗನಿಗಾಗಿ ಮೊಣಕಾಲೂರಿದ ತಾಯಿಯನ್ನು ಧರ್ಮಸಭೆ ಮೊದಲು ಅವಳ ಹೃದಯದ ಕಡೆಗೇ ತಿರುಗಿಸುತ್ತದೆ. ಮೋನಿಕಾಳಲ್ಲಿ ನಡೆದದ್ದೂ ಅದೇ. ಸಿಟ್ಟು ಬಿಟ್ಟಳು, ಬುಟ್ಟಿ ಬಿಟ್ಟಳು, ಮದುವೆಯ ಲೆಕ್ಕಾಚಾರ ಬಿಟ್ಟಳು.

ಕೊನೆಗೆ ಊರನ್ನೂ ಬಿಟ್ಟಳು. ಆಫ್ರಿಕಾಕ್ಕೆ ಮರಳಲು ಎಲ್ಲರೂ ರೋಮಿನ ಬಂದರು ಓಸ್ತಿಯಾಕ್ಕೆ ಬಂದಿದ್ದರು. ಅಲ್ಲಿ ಒಂದು ದಿನ ತಾಯಿ ಮಗ ಇಬ್ಬರೇ ತೋಟದ ಕಡೆಯ ಕಿಟಕಿಗೆ ಒರಗಿ ನಿಂತು ನಿತ್ಯಜೀವದ ಬಗ್ಗೆ ಮಾತಾಡಿದರು. ನನಗಿನ್ನು ಇಲ್ಲಿ ಏನು ಕೆಲಸ, ನಿನ್ನನ್ನು ಕ್ರೈಸ್ತನಾಗಿ ನೋಡಬೇಕಿತ್ತು, ದೇವರು ಅದಕ್ಕಿಂತ ಜಾಸ್ತಿಯೇ ಕೊಟ್ಟ ಅಂದಳು. ಕೆಲವೇ ದಿನಗಳಲ್ಲಿ ಜ್ವರ ಬಂತು. ಗಂಡನ ಪಕ್ಕದಲ್ಲೇ ಮಣ್ಣಾಗಬೇಕೆಂದು ಆಕೆ ಎಂದೋ ಜಾಗ ಮಾಡಿಟ್ಟುಕೊಂಡಿದ್ದಳು. ಇನ್ನೊಬ್ಬ ಮಗ ನವೀಜಿಯಸ್ ಪರದೇಶದಲ್ಲಿ ಸಾಯುವುದು ಬೇಡ, ಊರಲ್ಲೇ ಆಗಲಿ ಎಂದಾಗ ಅವನನ್ನು ಬೇಸರದಿಂದ ನೋಡಿದಳು. ಈ ದೇಹವನ್ನು ಎಲ್ಲಿ ಬೇಕಾದರೂ ಹೂಳಿ, ನೀವು ಎಲ್ಲೇ ಇದ್ದರೂ ಪ್ರಭುವಿನ ಬಲಿಪೀಠದ ಬಳಿ ನನ್ನನ್ನು ನೆನೆಯಿರಿ ಅಂದಳು. ಒಂಬತ್ತನೇ ದಿನ ತೀರಿಕೊಂಡಳು. ಆಗ ಆಕೆಗೆ ಐವತ್ತಾರನೇ ವರ್ಷ. ಮಗ ಗುರುವಾದದ್ದನ್ನು, ಆಫ್ರಿಕಾದ ಹಿಪ್ಪೋ ಪಟ್ಟಣದ ಧರ್ಮಾಧ್ಯಕ್ಷನಾದದ್ದನ್ನು ಆಕೆ ನೋಡಲೇ ಇಲ್ಲ.

ಓಸ್ತಿಯಾದಲ್ಲೇ ಆಕೆಯನ್ನು ಹೂಳಿದರು. 1430ರಲ್ಲಿ ಪವಿತ್ರ ಅವಶೇಷಗಳನ್ನು ರೋಮಿಗೆ ತಂದರು. ಈಗ ಅವು ಸಂತ ಅಗಸ್ಟೀನರ ಹೆಸರಿನ ದೇವಾಲಯದಲ್ಲಿವೆ. 1945ರಲ್ಲಿ ಓಸ್ತಿಯಾದ ದೇವಾಲಯದ ಅಂಗಳದಲ್ಲಿ ಆಟದ ಕಂಬ ನೆಡಲು ಗುಂಡಿ ತೋಡುತ್ತಿದ್ದ ಹುಡುಗರಿಗೆ ಆಕೆಯ ಸಮಾಧಿಯ ಬರಹವಿದ್ದ ಅಮೃತಶಿಲೆಯ ತುಂಡು ಸಿಕ್ಕಿತು.

ಅಮ್ಮನ ಕೊನೆಯ ಕೋರಿಕೆಯನ್ನು ಅಗಸ್ಟೀನ್ ತಾನೊಬ್ಬನೇ ಇಟ್ಟುಕೊಳ್ಳಲಿಲ್ಲ. ತನ್ನ ಬರಹ ಓದುವವರೆಲ್ಲ ಬಲಿಪೀಠದ ಬಳಿ ಮೋನಿಕಾಳನ್ನೂ ಪತ್ರೀಶಿಯಸನನ್ನೂ ನೆನೆಯಲಿ ಎಂದು ಬೇಡಿಕೊಂಡಿದ್ದಾನೆ. ಸಿಟ್ಟಿನ ಪತ್ರೀಶಿಯಸ್ ಸಾಯುವ ಮುನ್ನ ಕ್ರೈಸ್ತನಾಗಿದ್ದ, ಅದೂ ಆಕೆಯ ಪ್ರಾರ್ಥನೆಯೇ. 27ರ ಪೂಜೆಗೆ ಹೋಗುವವರು ಮಕ್ಕಳ ಹೆಸರಿನ ಜೊತೆ ಅವನ ಹೆಸರನ್ನೂ ಸೇರಿಸಿಕೊಳ್ಳಿ. ಅವನನ್ನು ನೆನೆಯುವವರು ಕಡಿಮೆ.